ಆನರ್ಸ್‌ಗಾಗಿ ನಾಲ್ಕನೇ ವರ್ಷ ಓದಿಸಬೇಕೇ? ಕಲಬುರಗಿ, ಬೀದರ್, ಯಾದಗಿರಿಯ ಮನೆಗಳಿಗೆ ಲಾಭ-ಖರ್ಚಿನ ಸಮಗ್ರ ಮಾರ್ಗದರ್ಶಿ

ಸಿಯುಇಟಿ (ಕೇಂದ್ರೀಯ ವಿಶ್ವವಿದ್ಯಾಲಯಗಳ ಪ್ರವೇಶ ಪರೀಕ್ಷೆ) ಅಂಕ ಕೈಗೆ ಬರುವ ಹೊತ್ತಿಗೆ ನಮ್ಮ ಕಡೆ ಮುಂಗಾರು ಬಿತ್ತನೆ ನಡೆದಿರುತ್ತದೆ. ಬೀಜ, ಗೊಬ್ಬರಕ್ಕೆ ಹಣ ಹೋಗಿರುತ್ತದೆ, ತೊಗರಿ ರಾಶಿಗೆ ಇನ್ನೂ ಆರು ತಿಂಗಳು. ಅದೇ ದಿನಗಳಲ್ಲಿ ಮನೆಯಲ್ಲಿ ಚರ್ಚೆ ಏಳುತ್ತದೆ: ಊರಿನ ಕಾಲೇಜಿನ ಮೂರು ವರ್ಷದ ಡಿಗ್ರಿ ಸಾಕೇ, ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯಕ್ಕೋ ಬೆಂಗಳೂರಿಗೋ ನಾಲ್ಕು ವರ್ಷದ ಆನರ್ಸ್‌ಗೆ ಕಳಿಸಬೇಕೇ? "ಸರ್, ಒಂದ್ ವರ್ಷ ಜಾಸ್ತಿ ಓದಿದ್ರ ಏನ್ ಸಿಗ್ತದ್ರಿ?" ಎಂದು ತಂದೆ-ತಾಯಂದಿರು ಕೇಳುತ್ತಾರೆ. ಇದು ನ್ಯಾಯವಾದ ಪ್ರಶ್ನೆ. ಆದರೆ ಆ ವರ್ಷ ಮುಂದೆ ಯಾವ ವರ್ಷವನ್ನು ಉಳಿಸುತ್ತದೆ ಎಂದು ಗೊತ್ತಾಗದೆ ಇದಕ್ಕೆ ಉತ್ತರ ಸಿಗುವುದಿಲ್ಲ. ಈ ಮಾರ್ಗದರ್ಶಿ ಬರೆದಿರುವುದು ಆ ಲೆಕ್ಕವನ್ನು ಮನೆಯ ಜಗಲಿಯ ಮೇಲೆ ಕೂತು ನೀವೇ ಮಾಡಿಕೊಳ್ಳಲಿ ಎಂದು.

ಹಂತ 1: ನಿಮ್ಮ ಮುಂದಿರುವುದು ಯಾವ ಆನರ್ಸ್ ಎಂದು ನೋಡಿ

ಕರ್ನಾಟಕ 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯ ಪ್ರಕಾರ ನಾಲ್ಕು ವರ್ಷದ ಪದವಿಯನ್ನು ತಂದಿತು. ಸುಖದೇವ್ ಥೋರಟ್ ಅಧ್ಯಕ್ಷತೆಯ ಆಯೋಗದ ಮಧ್ಯಂತರ ವರದಿ ಬಂದ ಮೇಲೆ, 2024ರ ಮೇ ತಿಂಗಳ ಆದೇಶದಿಂದ, 2024-25ರ ಪ್ರವೇಶಕ್ಕೆ ಮತ್ತೆ ಮೂರು ವರ್ಷಕ್ಕೆ ಮರಳಿತು. ಹಾಗಾಗಿ ಗುಲಬರ್ಗಾ ವಿಶ್ವವಿದ್ಯಾಲಯ, ಬೀದರ್ ವಿಶ್ವವಿದ್ಯಾಲಯ, ಯಾದಗಿರಿಯ ಕಾಲೇಜುಗಳು ಸೇರಿರುವ ರಾಯಚೂರಿನ ವಿಶ್ವವಿದ್ಯಾಲಯ ಇವುಗಳ ಸಾಮಾನ್ಯ ಬಿಎ, ಬಿಎಸ್ಸಿ, ಬಿಕಾಂ ಈಗ ಮೂರು ವರ್ಷದ್ದು. ನಾಲ್ಕು ವರ್ಷದ ಆನರ್ಸ್ ಬೇಕಾದರೆ ಕೇಂದ್ರೀಯ ವಿಶ್ವವಿದ್ಯಾಲಯಗಳತ್ತ, ಇಲ್ಲವೇ ಖಾಸಗಿ ಮತ್ತು ಡೀಮ್ಡ್ ವಿಶ್ವವಿದ್ಯಾಲಯಗಳತ್ತ ನೋಡಬೇಕು. ಕೇಂದ್ರೀಯದರಲ್ಲಿ ನಮ್ಮ ಭಾಗದ್ದೆಂದರೆ ಆಳಂದ ರಸ್ತೆಯ ಕಡಗಂಚಿಯಲ್ಲಿರುವ, 2009ರಲ್ಲಿ ಆರಂಭವಾದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯ. ಅಲ್ಲಿಗೆ ದಾರಿ ಸಿಯುಇಟಿ. ಆ ಪರೀಕ್ಷೆಯನ್ನು ಕನ್ನಡದಲ್ಲೂ ಬರೆಯಬಹುದು ಎಂಬುದು ನಮ್ಮ ಎಷ್ಟೋ ಮಕ್ಕಳಿಗೆ ತಲುಪಿಲ್ಲ, ದಯವಿಟ್ಟು ತಿಳಿಸಿ.

ಕಲಬುರಗಿಯ ಮತ್ತು ಶಹಾಪುರ ತಾಲೂಕಿನ ಭೀಮರಾಯನಗುಡಿಯ ಕೃಷಿ ಕಾಲೇಜುಗಳಲ್ಲಿ ಸಿಗುವ ಬಿಎಸ್ಸಿ (ಆನರ್ಸ್) ಕೃಷಿಯ ಸಂಗತಿಯೇ ಬೇರೆ. ಅದು ಮೊದಲಿಂದಲೂ ನಾಲ್ಕು ವರ್ಷದ ವೃತ್ತಿ ಪದವಿ, ಮೂರನೇ ವರ್ಷಕ್ಕೆ ಪದವಿ ಹಿಡಿದು ಹೊರಬರುವ ಆಯ್ಕೆ ಅಲ್ಲಿಲ್ಲ. ಕೆಳಗಿನ ಲೆಕ್ಕ ಅದಕ್ಕೆ ಹೊಂದುವುದಿಲ್ಲ.

ಉಳಿದ ಆನರ್ಸ್‌ಗೆ ಯುಜಿಸಿ (ವಿಶ್ವವಿದ್ಯಾಲಯ ಧನಸಹಾಯ ಆಯೋಗ) 2022ರ ಡಿಸೆಂಬರ್‌ನಲ್ಲಿ ಹಾಕಿದ ಚೌಕಟ್ಟು ಹೀಗಿದೆ: ಮೂರು ವರ್ಷಕ್ಕೆ 120 ಕ್ರೆಡಿಟ್ (ಪಾಠದ ಪ್ರಮಾಣ ಅಳೆಯುವ ಘಟಕ) ಮುಗಿಸಿದರೆ ಸಾಮಾನ್ಯ ಪದವಿ, ನಾಲ್ಕು ವರ್ಷಕ್ಕೆ 160 ಮುಗಿಸಿದರೆ ಆನರ್ಸ್. ಮೊದಲ ಆರು ಸೆಮಿಸ್ಟರ್‌ಗಳಲ್ಲಿ ಶೇ 75 ಅಥವಾ ಅದಕ್ಕಿಂತ ಹೆಚ್ಚು ಅಂಕ ಇದ್ದವರು ನಾಲ್ಕನೇ ವರ್ಷದಲ್ಲಿ ಸಂಶೋಧನೆಯನ್ನು ಆರಿಸಿಕೊಂಡು 'ಸಂಶೋಧನೆಯೊಂದಿಗೆ ಆನರ್ಸ್' ಪಡೆಯಬಹುದು. ಇದರಲ್ಲಿ ನಮಗೆ ಬಹಳ ಬೇಕಾದ ಮಾತೊಂದಿದೆ. ನಾಲ್ಕು ವರ್ಷದ ಕೋರ್ಸಿಗೆ ಸೇರಿದವರೂ ಮೂರನೇ ವರ್ಷದ ಕೊನೆಗೆ ಪದವಿ ಪತ್ರ ಹಿಡಿದು ಮನೆಗೆ ಬರಬಹುದು. ಅಂದರೆ ಈ ಜೂನ್‌ನಲ್ಲಿ ನೀವು ತೀರ್ಮಾನಿಸಬೇಕಾದದ್ದು ಮೂರು ವರ್ಷ ಎಲ್ಲಿ ಓದಿಸುವುದು ಎಂದು ಮಾತ್ರ. ನಾಲ್ಕನೇ ವರ್ಷದ ತೀರ್ಮಾನಕ್ಕೆ ಇನ್ನೂ ಕಾಲವಿದೆ.

ಹಂತ 2: ಮಗ, ಮಗಳು ಮುಂದೆ ಏನು ಮಾಡಬೇಕೆಂದಿದ್ದಾರೆ, ಕೂರಿಸಿಕೊಂಡು ಕೇಳಿ

ಕೆಎಎಸ್, ಪಿಎಸ್ಐ, ಪಿಡಿಒ, ಎಫ್‌ಡಿಎ, ಬ್ಯಾಂಕ್ ಪಿಒ ಎಂಬ ಉತ್ತರ ಬಂದರೆ ನನ್ನ ಅಭಿಪ್ರಾಯ ಸ್ಪಷ್ಟ: ಮೂರು ವರ್ಷಕ್ಕೆ ಮುಗಿಸಿ. ಈ ಪರೀಕ್ಷೆಗಳು ಕೇಳುವುದು ಪದವಿಯನ್ನು, ಆನರ್ಸ್ ಇದ್ದವರಿಗೆ ಅಲ್ಲಿ ಹೆಚ್ಚಿನ ಅಂಕವಿಲ್ಲ. ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371(ಜೆ) ವಿಧಿಯಡಿ ನಮ್ಮ ಭಾಗದ ಸ್ಥಳೀಯ ವೃಂದದ ಗ್ರೂಪ್ 'ಎ' ಮತ್ತು 'ಬಿ' ಹುದ್ದೆಗಳಲ್ಲಿ ಶೇ 75, ಗ್ರೂಪ್ 'ಸಿ' ಹುದ್ದೆಗಳಲ್ಲಿ ಶೇ 80 ನಮ್ಮ ಮಕ್ಕಳಿಗೇ ಮೀಸಲು. ಆ ಬಾಗಿಲು ಮೂರು ವರ್ಷದ ಪದವಿಗೂ ತೆರೆದೇ ಇದೆ. ಒಂದು ವರ್ಷದ ಹಾಸ್ಟೆಲ್ ಖರ್ಚಿನಲ್ಲಿ ತಯಾರಿಯ ಪುಸ್ತಕ ಬರುತ್ತದೆ, ಒಳ್ಳೆಯ ಗ್ರಂಥಾಲಯದ ಚಂದಾ ಬರುತ್ತದೆ, ಕಲಬುರಗಿಯಲ್ಲಿ ರೂಮಿನ ಬಾಡಿಗೆಯೂ ಬರುತ್ತದೆ.

ಹೈಸ್ಕೂಲ್ ಮೇಷ್ಟ್ರಾಗಬೇಕು ಎಂದರೆ ಪದವಿಯ ಮೇಲೆ ಬಿ.ಎಡ್ ಬೇಕು, ಅದು ಎರಡು ವರ್ಷ. ಮೂರು ಮತ್ತು ಎರಡು ಸೇರಿ ಐದು. ನಾಲ್ಕು ಓದಿದರೆ ಆರಾಗುತ್ತದೆ.

ಎಂಎ, ಎಂಎಸ್ಸಿ ಮಾಡುವುದು ಖಚಿತ ಎಂಬ ಮಕ್ಕಳಿಗೆ ಮಾತ್ರ ಲೆಕ್ಕ ತಿರುಗುತ್ತದೆ. ಮೂರು ವರ್ಷದ ಪದವೀಧರರಿಗೆ ಸ್ನಾತಕೋತ್ತರ ಎರಡು ವರ್ಷ, ನಾಲ್ಕು ವರ್ಷದ ಆನರ್ಸ್ ಮುಗಿಸಿದವರಿಗೆ ಒಂದೇ ವರ್ಷ ಎನ್ನುವುದು ಯುಜಿಸಿ ಚೌಕಟ್ಟು. ಎರಡು ದಾರಿಗೂ ಒಟ್ಟು ಐದೇ ವರ್ಷ. ಇಲ್ಲಿ ನಾಲ್ಕನೇ ವರ್ಷ ಹೆಚ್ಚುವರಿ ವರ್ಷವೇ ಅಲ್ಲ, ಎಂಎಯ ಮೊದಲ ವರ್ಷದ ಜಾಗದಲ್ಲಿ ಬಂದು ಕೂರುತ್ತದೆ. ಆದರೆ ಇದು ಫಲಿಸಬೇಕಾದರೆ ನಿಮಗೆ ಬೇಕಾದ ವಿಷಯದಲ್ಲಿ, ನೀವು ಸೇರಬಲ್ಲ ವಿಶ್ವವಿದ್ಯಾಲಯದಲ್ಲಿ, ಒಂದು ವರ್ಷದ ಸ್ನಾತಕೋತ್ತರ ಕೋರ್ಸ್ ನಿಜಕ್ಕೂ ನಡೆಯುತ್ತಿರಬೇಕು. ವಿಭಾಗಕ್ಕೆ ಹೋಗಿ ಪ್ರವೇಶ ಪ್ರಕಟಣೆಯ ಪ್ರತಿಯನ್ನೇ ಕೇಳಿ ನೋಡಿ. "ಮುಂದ ಬರ್ತದ" ಎನ್ನುವ ಬಾಯಿಮಾತನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಸಂಶೋಧನೆಯ ಆಸೆ ಇರುವ ಮಗುವಿಗೆ ಆನರ್ಸ್ ಕೊಡುವಷ್ಟು ಬಲವನ್ನು ಬೇರೆ ಯಾವ ಸಾಮಾನ್ಯ ಪದವಿಯೂ ಕೊಡುವುದಿಲ್ಲ. 2022ರ ಪಿಎಚ್‌ಡಿ ನಿಯಮದಂತೆ ನಾಲ್ಕು ವರ್ಷದ ಪದವಿಯಲ್ಲಿ ಶೇ 75 ಪಡೆದವರು ಎಂಎ ಇಲ್ಲದೆ ನೇರವಾಗಿ ಪಿಎಚ್‌ಡಿ ಪ್ರವೇಶಕ್ಕೆ ಅರ್ಹರು. ಪರಿಶಿಷ್ಟ ಜಾತಿ, ಪಂಗಡ, ಕೆನೆಪದರಕ್ಕೆ ಸೇರದ ಹಿಂದುಳಿದ ವರ್ಗ, ಅಂಗವಿಕಲ ಮತ್ತು ಆರ್ಥಿಕವಾಗಿ ಹಿಂದುಳಿದ ಅಭ್ಯರ್ಥಿಗಳಿಗೆ ಶೇ 5ರ ರಿಯಾಯಿತಿ ಇದೆ. ಜೆಆರ್‌ಎಫ್ (ನೆಟ್ ಎಂಬ ರಾಷ್ಟ್ರೀಯ ಅರ್ಹತಾ ಪರೀಕ್ಷೆಯ ಮೂಲಕ ಸಿಗುವ ಸಂಶೋಧನಾ ನೆರವು) ಗಿಟ್ಟಿದರೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ ಫೆಲೋಶಿಪ್. ಓದುತ್ತಲೇ ಮನೆಗೆ ಹಣ ಕಳಿಸುವ ಸ್ಥಿತಿ ಅದು. ಆದರೂ ಒಂದು ಎಚ್ಚರಿಕೆ: ಡಿಗ್ರಿ ಕಾಲೇಜಿನಲ್ಲಿ ಸಹಾಯಕ ಪ್ರಾಧ್ಯಾಪಕರಾಗಲು 2018ರ ಯುಜಿಸಿ ನಿಯಮ ಕೇಳುವುದು ಶೇ 55 ಅಂಕದ ಸ್ನಾತಕೋತ್ತರ ಪದವಿ, ಜೊತೆಗೆ ನೆಟ್ ಅಥವಾ ರಾಜ್ಯದ ಸೆಟ್. ಲೆಕ್ಚರರ್ ಆಗುವ ಗುರಿ ಇದ್ದರೆ ಎಂಎ ಬಿಡಬೇಡಿ.

ವಿದೇಶದ ಮಾತು ಚಿಕ್ಕದು. ಅಮೆರಿಕದ ಬಹಳಷ್ಟು ವಿಶ್ವವಿದ್ಯಾಲಯಗಳು ಎಂಎಸ್‌ಗೆ ಒಟ್ಟು 16 ವರ್ಷದ ಓದು ಕೇಳುತ್ತವೆ. ಅಲ್ಲಿಗೆ ಹೋಗುವವರಿಗೆ ನಾಲ್ಕನೇ ವರ್ಷ ನೇರ ಉಪಯೋಗ.

ಹಂತ 3: ಫೀ ಒಂದನ್ನೇ ನೋಡದೆ ಇಡೀ ವರ್ಷದ ಖರ್ಚು ಬರೆಯಿರಿ

ಕಾಲೇಜಿನವರು ಹೇಳುವುದು ಫೀ. ನಿಮ್ಮ ಜೇಬಿನಿಂದ ಹೋಗುವುದು ಅದರ ಎರಡು-ಮೂರು ಪಟ್ಟು ಇರಬಹುದು. ಬೋಧನಾ ಶುಲ್ಕ, ಪರೀಕ್ಷಾ ಶುಲ್ಕ, ಹಾಸ್ಟೆಲ್ ಠೇವಣಿ, ಮೆಸ್ ಬಿಲ್, ಪುಸ್ತಕ, ಪ್ರಯೋಗಾಲಯದ ರೆಕಾರ್ಡ್, ಮೊಬೈಲ್ ರೀಚಾರ್ಜ್, ಒಂದು ಲ್ಯಾಪ್‌ಟಾಪ್, ಬಟ್ಟೆಬರೆ, ಔಷಧಿ, ಊರಿಗೆ ಬಂದುಹೋಗುವ ಖರ್ಚು. ಈ ಕೊನೆಯದನ್ನು ಎಲ್ಲರೂ ಮರೆಯುತ್ತಾರೆ. ಬೆಂಗಳೂರಿನಲ್ಲಿ ಓದುವ ಹುಡುಗ ದೀಪಾವಳಿಗೆ, ಶರಣಬಸವೇಶ್ವರ ಜಾತ್ರೆಗೆ, ಮನೆಯಲ್ಲೊಂದು ಮದುವೆಗೆ ಬಂದೇ ಬರುತ್ತಾನೆ. ಉದ್ಯಾನ್ ಎಕ್ಸ್‌ಪ್ರೆಸ್ಸಿನ ಸ್ಲೀಪರ್ ಸಿಗದೆ ಖಾಸಗಿ ಬಸ್ ಹತ್ತಿದರೆ ಹಬ್ಬದ ದರ ಕೊಡಬೇಕು. ಬೀದರ್‌ನವರಿಗೆ ಹೈದರಾಬಾದ್ ಹತ್ತಿರ, ಅಲ್ಲಿನ ಸೀಟು ನೋಡುತ್ತಿದ್ದರೆ ಈ ಬಾಬ್ತು ಹಗುರ.

ಕಡಗಂಚಿಗೆ ಆಳಂದ ಅಥವಾ ಕಲಬುರಗಿಯಿಂದ ದಿನವೂ ಓಡಾಡುವ ಹೆಣ್ಣುಮಕ್ಕಳಿಗೆ 2023ರ ಜೂನ್‌ನಿಂದ ಶಕ್ತಿ ಯೋಜನೆಯಡಿ ಸಾಮಾನ್ಯ ಸರ್ಕಾರಿ ಬಸ್ಸು ಉಚಿತ. ಇದರಿಂದ ಹಾಸ್ಟೆಲ್ ಖರ್ಚೇ ಉಳಿಯಬಹುದು. ಆದರೆ ಬೆಳಗಿನ ಮೊದಲ ತರಗತಿಗೆ ಬಸ್ ಇದೆಯೇ, ಸಂಜೆ ಲ್ಯಾಬ್ ಮುಗಿದ ಮೇಲೆ ಬಸ್ ಇದೆಯೇ ಎಂದು ಒಂದು ದಿನ ಹೋಗಿ ನೋಡಿಬನ್ನಿ.

ಇದರ ಎದುರಿಗೆ ಬರುವ ಹಣ ಬರೆಯಿರಿ. ರೈತರ ಮಕ್ಕಳಿಗೆ ರೈತ ವಿದ್ಯಾನಿಧಿ ಇದೆ: ಬಿಎ, ಬಿಎಸ್ಸಿ, ಬಿಕಾಂಗೆ ವರ್ಷಕ್ಕೆ ಹುಡುಗರಿಗೆ 5,000, ಹುಡುಗಿಯರಿಗೆ 5,500 ರೂಪಾಯಿ, ಸ್ನಾತಕೋತ್ತರಕ್ಕೆ 10,000 ಮತ್ತು 11,000. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ವಿದ್ಯಾರ್ಥಿಗಳಿಗೆ ವಿದ್ಯಾಸಿರಿಯಲ್ಲಿ ಹತ್ತು ತಿಂಗಳು ಊಟ-ವಸತಿಯ ನೆರವು. ಪರಿಶಿಷ್ಟ ಜಾತಿ, ಪಂಗಡದವರಿಗೆ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ. ಪಿಯುಸಿಯಲ್ಲಿ ಉನ್ನತ ಅಂಕ ಪಡೆದು ಮನೆಯ ಆದಾಯ ನಾಲ್ಕೂವರೆ ಲಕ್ಷದೊಳಗಿದ್ದರೆ ಕೇಂದ್ರ ವಲಯದ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಬಹುದು, ಪದವಿಯ ಮೊದಲ ಮೂರು ವರ್ಷ ತಲಾ 12,000, ಸ್ನಾತಕೋತ್ತರದಲ್ಲಿ ವರ್ಷಕ್ಕೆ 20,000. ಸರ್ಕಾರಿ ಶಾಲೆಯಲ್ಲಿ ಓದಿದ ಹೆಣ್ಣುಮಕ್ಕಳಿಗೆ ಅಜೀಂ ಪ್ರೇಮ್‌ಜಿ ವಿದ್ಯಾರ್ಥಿವೇತನ ವರ್ಷಕ್ಕೆ 30,000.

ಈ ಅಂಕಿಗಳನ್ನು ಇನ್ನೊಮ್ಮೆ ಓದಿ. ರೈತ ವಿದ್ಯಾನಿಧಿಯೂ ಕೇಂದ್ರ ವಲಯದ ನೆರವೂ ಸ್ನಾತಕೋತ್ತರಕ್ಕೆ ಏರುತ್ತವೆ, ಆದರೆ ಆನರ್ಸ್‌ನ ನಾಲ್ಕನೇ ವರ್ಷ ಕಾಗದದ ಮೇಲೆ ಇನ್ನೂ ಪದವಿಯೇ. ನಿಮ್ಮ ವಿದ್ಯಾರ್ಥಿವೇತನ ನಾಲ್ಕನೇ ವರ್ಷಕ್ಕೂ ಮುಂದುವರಿಯುತ್ತದೆಯೇ ಎಂದು ಎಸ್‌ಎಸ್‌ಪಿ ಮತ್ತು ಎನ್‌ಎಸ್‌ಪಿ (ರಾಜ್ಯ ಮತ್ತು ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲ್) ಅರ್ಜಿ ನೋಡಿಕೊಳ್ಳುವ ಕಾಲೇಜಿನ ಸಿಬ್ಬಂದಿಯನ್ನು ಕೇಳಿ. ಹೌದು ಎಂದು ಖಚಿತವಾಗುವ ತನಕ ಆ ವರ್ಷದ ಸಾಲಿನಲ್ಲಿ ಸೊನ್ನೆ ಬರೆಯಿರಿ.

ಹಂತ 4: ಮೂರು ದಾರಿಯನ್ನು ಪಕ್ಕಪಕ್ಕ ಇಟ್ಟು ಕೂಡಿ

ಈ ಅಂಕಿಗಳು ಉದಾಹರಣೆಗಾಗಿ ಹಿಡಿದವು, ಯಾವುದೇ ಸಂಸ್ಥೆಯ ಫೀ ಅಲ್ಲ. ನಿಮ್ಮ ಅಂಕಿಗಳನ್ನು ಹಾಕಿಕೊಂಡು ಹೀಗೆಯೇ ಮಾಡಿ.

ಮೊದಲ ದಾರಿ: ಮಗಳು ಊರಿನ ಸರ್ಕಾರಿ ಕಾಲೇಜಿನಲ್ಲಿ ಮೂರು ವರ್ಷ ಓದಿ, ಆಮೇಲೆ ಹಾಸ್ಟೆಲ್‌ನಲ್ಲಿದ್ದು ಎರಡು ವರ್ಷ ಎಂಎಸ್ಸಿ ಮಾಡುತ್ತಾಳೆ. ಪದವಿಗೆ ವರ್ಷಕ್ಕೆ 16,000ದಂತೆ 48,000, ಎಂಎಸ್ಸಿಗೆ ವರ್ಷಕ್ಕೆ 70,000ದಂತೆ 1,40,000, ಒಟ್ಟು 1,88,000. ಪದವಿಯಲ್ಲಿ ವರ್ಷಕ್ಕೆ 15,000, ಸ್ನಾತಕೋತ್ತರದಲ್ಲಿ 20,000 ವಿದ್ಯಾರ್ಥಿವೇತನ ಬಂದರೆ 85,000 ಕಳೆಯಿರಿ. ಕೈಯಿಂದ ಹೋಗುವುದು 1,03,000.

ಎರಡನೇ ದಾರಿ: ಕೇಂದ್ರೀಯ ವಿಶ್ವವಿದ್ಯಾಲಯದ ಹಾಸ್ಟೆಲ್‌ನಲ್ಲಿ ನಾಲ್ಕು ವರ್ಷ ಆನರ್ಸ್, ಒಂದು ವರ್ಷ ಎಂಎಸ್ಸಿ. ವರ್ಷಕ್ಕೆ 70,000ದಂತೆ ನಾಲ್ಕಕ್ಕೆ 2,80,000, ಕೊನೆಯ ವರ್ಷಕ್ಕೆ 75,000, ಒಟ್ಟು 3,55,000. ವಿದ್ಯಾರ್ಥಿವೇತನ ಮೂರು ವರ್ಷ 15,000, ನಾಲ್ಕನೇ ವರ್ಷ ಸೊನ್ನೆ, ಐದನೆಯದಕ್ಕೆ 20,000. ಕಳೆದರೆ 2,90,000.

ಮೂರನೇ ದಾರಿ: ಬೆಂಗಳೂರಿನ ಖಾಸಗಿ ವಿಶ್ವವಿದ್ಯಾಲಯದಲ್ಲಿ ನಾಲ್ಕು ವರ್ಷ. ಫೀ, ರೂಮು, ಊಟ, ಓಡಾಟ ಸೇರಿ ವರ್ಷಕ್ಕೆ ಮೂರು ಲಕ್ಷದಂತೆ 12 ಲಕ್ಷ. ಮೂರು ವರ್ಷದ ವಿದ್ಯಾರ್ಥಿವೇತನ ಕಳೆದರೆ 11,55,000, ಎಂಎಸ್ಸಿ ಇನ್ನೂ ಬಾಕಿ.

ಮೊದಲ ಎರಡು ದಾರಿಗಳ ನಡುವಿನ ಅಂತರ 1,87,000. ಇದನ್ನು ಬಿಡಿಸಿ ನೋಡಿದರೆ ವಿಷಯ ತಿಳಿಯಾಗುತ್ತದೆ. ಅದರಲ್ಲಿ 1,62,000 ಬಂದದ್ದು ಮೊದಲ ಮೂರು ವರ್ಷ ಮನೆ ಬಿಟ್ಟು ಹಾಸ್ಟೆಲ್‌ನಲ್ಲಿ ಇದ್ದುದರಿಂದ. ನಾಲ್ಕು ಮತ್ತು ಐದನೇ ವರ್ಷಗಳಿಂದ ಬಂದ ವ್ಯತ್ಯಾಸ ಬರೀ 25,000. ಮನೆಯಲ್ಲಿ ನಾಲ್ಕನೇ ವರ್ಷ ಬೇಕೋ ಬೇಡವೋ ಎಂದು ಜಗಳವಾಡುತ್ತೇವೆ, ದೊಡ್ಡ ಮೊತ್ತ ಹೋಗುವುದು ಮೊದಲ ಮೂರು ವರ್ಷ ಎಲ್ಲಿ ಎಂಬ ತೀರ್ಮಾನದಲ್ಲಿ. ಹಾಗಾದರೆ ಕೇಳಬೇಕಾದದ್ದು ಇದು: ಆ 1,62,000ಕ್ಕೆ ಮಗುವಿಗೆ ಏನು ಸಿಗುತ್ತದೆ? ಕಾಯಂ ಪ್ರಾಧ್ಯಾಪಕರು, ತುಂಬಿದ ಗ್ರಂಥಾಲಯ, ನಡೆಯುವ ಪ್ರಯೋಗಾಲಯ, ಬೇರೆ ಬೇರೆ ರಾಜ್ಯದ ಸಹಪಾಠಿಗಳು ಸಿಗುತ್ತಾರೆಂದರೆ, ಓದಿನಲ್ಲಿ ಹಸಿವಿರುವ ಮಗುವಿಗೆ ಅದು ದುಬಾರಿ ಎಂದು ನಾನು ಹೇಳಲಾರೆ.

ಒಂದು ವರ್ಷದ ಎಂಎಸ್ಸಿ ಸಿಗದೆ ಎರಡು ವರ್ಷದ್ದಕ್ಕೇ ಸೇರಬೇಕಾಗಿ ಬಂದರೆ ಎರಡನೇ ದಾರಿಗೆ ಇನ್ನೂ 55,000 ಸೇರಿ 3,45,000 ಆಗುತ್ತದೆ, ವಯಸ್ಸಿನ ಒಂದು ವರ್ಷವೂ ಹೋಗುತ್ತದೆ. ಹಂತ 2ರಲ್ಲಿ ಪ್ರಕಟಣೆಯ ಪ್ರತಿ ಕೇಳಿ ಎಂದು ಒತ್ತಿ ಹೇಳಿದ್ದು ಇದಕ್ಕೇ.

ಗಳಿಕೆಯ ಸಾಲನ್ನೂ ಸೇರಿಸಿ. ಮೂರು ವರ್ಷಕ್ಕೆ ಮುಗಿಸಿ ಕೆಲಸಕ್ಕೆ ಸೇರುವ ಹುಡುಗ ತಿಂಗಳಿಗೆ 12,000 ತಂದರೂ ವರ್ಷಕ್ಕೆ 1,44,000. ನಾಲ್ಕನೇ ವರ್ಷಕ್ಕೆ ಕೂತವನು ಇದನ್ನು ಬಿಟ್ಟುಕೊಡುತ್ತಾನೆ. ಎಂಎಸ್ಸಿಗೆ ಹೇಗೂ ಹೋಗುವವನಿಗೆ ಈ ಸಾಲು ಬೇಕಿಲ್ಲ, ಎರಡೂ ದಾರಿಯಲ್ಲಿ ಆ ವರ್ಷ ಓದಿನದ್ದೇ.

ಹಂತ 5: ಹಣ ಯಾವ ತಿಂಗಳಲ್ಲಿ ಬೇಕು ಎಂದು ಗುರುತು ಹಾಕಿ

ಒಟ್ಟು ಮೊತ್ತ ಹೊಂದಿಸಬಲ್ಲ ಮನೆಯೂ ಜುಲೈ ತಿಂಗಳಲ್ಲಿ ಎಡವುತ್ತದೆ. ಕಲಬುರಗಿಯ ತೊಗರಿ ಹಣ ಡಿಸೆಂಬರ್-ಜನವರಿ ರಾಶಿ ಆದ ಮೇಲೆ, ಬೀದರ್‌ನ ಕಬ್ಬಿನ ಬಿಲ್ಲು ಕಾರ್ಖಾನೆ ಕೊಟ್ಟಾಗ, ಶಹಾಪುರ-ಸುರಪುರದ ಭತ್ತ, ಹತ್ತಿಯ ಹಣ ಸುಗ್ಗಿಗೆ. ಫೀ ಕಟ್ಟುವ ಕೊನೆಯ ದಿನ ಇವುಗಳಲ್ಲಿ ಯಾವುದನ್ನೂ ಕಾಯುವುದಿಲ್ಲ. ಆಗ ಅಡತಿ ಅಂಗಡಿಯಿಂದಲೋ ಊರ ಸಾಹುಕಾರರಿಂದಲೋ ಕೈಗಡ. ತಿಂಗಳಿಗೆ ನೂರಕ್ಕೆ ಎರಡು ರೂಪಾಯಿ ಬಡ್ಡಿ ಕೇಳಲು ಸಣ್ಣದು, ವರ್ಷಕ್ಕೆ ಅದು ಶೇ 24. ಜುಲೈನಲ್ಲಿ ತಂದ 70,000 ಜನವರಿಯಲ್ಲಿ ತೀರಿಸುವಾಗ 8,400 ಬಡ್ಡಿ ಸೇರಿರುತ್ತದೆ. ನಾಲ್ಕು ವರ್ಷ ಹೀಗೇ ನಡೆದರೆ 33,600. ನಮ್ಮ ಉದಾಹರಣೆಯ ನಾಲ್ಕನೇ ವರ್ಷದ ವ್ಯತ್ಯಾಸಕ್ಕಿಂತ ಇದೇ ದೊಡ್ಡದು!

ಅದಕ್ಕೆ ಎರಡು ಕೆಲಸ ಮಾಡಿ. ಫೀ ಕಂತಿನಲ್ಲಿ ಕಟ್ಟಬಹುದೇ ಎಂದು ಪ್ರವೇಶಕ್ಕೆ ಮುಂಚೆಯೇ ಲಿಖಿತವಾಗಿ ಕೇಳಿ. ಮಗು ಪಿಯುಸಿ ಎರಡನೇ ವರ್ಷದಲ್ಲಿರುವಾಗಲೇ, ಆ ಜನವರಿಯ ರಾಶಿ ಹಣದಲ್ಲಿ ಮೊದಲ ವರ್ಷದ ಪಾಲನ್ನು ಬೇರೆ ಖಾತೆಗೆ ಹಾಕಿಡಿ. ವಿದ್ಯಾರ್ಥಿವೇತನ ತಡವಾಗಿ ಬರುವುದುಂಟು, ಅದನ್ನು ನಂಬಿ ಫೀ ಕಟ್ಟಲು ಹೊರಡಬೇಡಿ.

ಹಂತ 6: ಸಾಲ ಮಾಡುವುದಾದರೆ ಕಂತಿನಿಂದ ಹಿಂದಕ್ಕೆ ಬನ್ನಿ

ಬ್ಯಾಂಕಿನ ಶಿಕ್ಷಣ ಸಾಲ ಕೈಗಡಕ್ಕಿಂತ ಎಷ್ಟೋ ವಾಸಿ. 2024ರ ನವೆಂಬರ್‌ನಲ್ಲಿ ಒಪ್ಪಿಗೆ ಸಿಕ್ಕ ಪಿಎಂ ವಿದ್ಯಾಲಕ್ಷ್ಮಿಯಲ್ಲಿ ಪಟ್ಟಿಯಲ್ಲಿರುವ ಸಂಸ್ಥೆಗಳ ವಿದ್ಯಾರ್ಥಿಗಳಿಗೆ ಅಡಮಾನ, ಜಾಮೀನು ಇಲ್ಲದೆ ಸಾಲ ಸಿಗುತ್ತದೆ. ಮನೆಯ ಆದಾಯ ಎಂಟು ಲಕ್ಷದೊಳಗಿದ್ದರೆ 10 ಲಕ್ಷದವರೆಗಿನ ಸಾಲಕ್ಕೆ ಓದಿನ ಅವಧಿಯಲ್ಲಿ ಶೇ 3 ಬಡ್ಡಿ ರಿಯಾಯಿತಿ. ಆದರೆ ನೀವು ನೋಡಿರುವ ಸಂಸ್ಥೆ ಆ ಪಟ್ಟಿಯಲ್ಲಿರಬೇಕು.

ಎಂಟು ಲಕ್ಷವನ್ನು ಶೇ 10 ಬಡ್ಡಿಗೆ ಹತ್ತು ವರ್ಷದಲ್ಲಿ ತೀರಿಸಲು ತಿಂಗಳ ಕಂತು ಸುಮಾರು 10,570 ರೂಪಾಯಿ. ಓದುವಾಗ ಸೇರುವ ಬಡ್ಡಿ ಇದರಲ್ಲಿಲ್ಲ. ಮೊದಲ ಸಂಬಳ 20,000 ಎಂದು ಹಿಡಿದರೆ ಅರ್ಧಕ್ಕಿಂತ ಹೆಚ್ಚು ಕಂತಿಗೇ ಹೋಯಿತು. ಸಾಮಾನ್ಯ ಬಿಎ ಅಥವಾ ಬಿಎಸ್ಸಿ ಆನರ್ಸ್‌ಗಾಗಿ ಇಷ್ಟು ಸಾಲ ಬೇಡವೆಂದೇ ನಾನು ಹೇಳುತ್ತೇನೆ. ಹೊಲ ಮಾರಿ ಓದಿಸುವ ಮಾತಂತೂ ಖಂಡಿತ ಬೇಡ.

ಖಾಸಗಿ ಎಂದ ಮಾತ್ರಕ್ಕೆ ಕೈಬಿಡಬೇಕಾಗಿಯೂ ಇಲ್ಲ. ಬೆಂಗಳೂರಿನ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದಂಥ ಕಡೆ ಕುಟುಂಬದ ಆದಾಯ ನೋಡಿ ಬೋಧನಾ ಶುಲ್ಕ, ವಸತಿ, ಊಟದಲ್ಲೂ ವಿನಾಯಿತಿ ಕೊಡುತ್ತಾರೆ. ಪ್ರಕಟವಾದ ಫೀ ನೋಡಿ ಹೆದರದೆ ಅರ್ಜಿ ಹಾಕಿ, ನಿಮಗೆ ಎಷ್ಟು ಬೀಳುತ್ತದೆ ಎಂಬ ಪತ್ರ ಬಂದ ಮೇಲೆ ಹಂತ 4ರ ಲೆಕ್ಕ ಮಾಡಿ.

ಹಂತ 7: ವಿಭಾಗಕ್ಕೆ ಹೋಗಿ ಮೂರು ಜನರನ್ನು ಮಾತಾಡಿಸಿ

ಕೊನೆಯ ವರ್ಷದ ವಿದ್ಯಾರ್ಥಿ, ಆ ವಿಭಾಗದ ಒಬ್ಬ ಪ್ರಾಧ್ಯಾಪಕರು, ಹಾಸ್ಟೆಲ್‌ನಲ್ಲಿರುವ ನಮ್ಮ ಕಡೆಯ ಒಬ್ಬ ಹುಡುಗ ಅಥವಾ ಹುಡುಗಿ. ವಿದ್ಯಾರ್ಥಿಯನ್ನು ಕೇಳಿ: ಮಾರ್ಗದರ್ಶಕರು ಯಾರು, ವಾರಕ್ಕೆ ಎಷ್ಟು ಸಲ ಸಿಗುತ್ತಾರೆ, ಹಿಂದಿನ ಬ್ಯಾಚಿನವರು ಈಗ ಎಲ್ಲಿದ್ದಾರೆ? ಪ್ರಾಧ್ಯಾಪಕರನ್ನು ಕೇಳಿ: ಕಾಯಂ ಬೋಧಕರು ಎಷ್ಟು, ಅತಿಥಿ ಉಪನ್ಯಾಸಕರು ಎಷ್ಟು? ಬೋಧಕರಿಲ್ಲದ ವಿಭಾಗದಲ್ಲಿ ನಾಲ್ಕನೇ ವರ್ಷದ ಸಂಶೋಧನೆ ನೀರಿಲ್ಲದ ಬಾವಿಗೆ ಹಗ್ಗ ಬಿಟ್ಟಂತೆ. ಹಾಸ್ಟೆಲ್‌ನವರನ್ನು ಮೆಸ್, ನೀರು, ಹೆಣ್ಣುಮಕ್ಕಳ ಸುರಕ್ಷತೆ ಬಗ್ಗೆ ಕೇಳಿ, ಅವರು ಮುಚ್ಚಿಡದೆ ಹೇಳುತ್ತಾರೆ.

ಕನ್ನಡ ಮಾಧ್ಯಮದಿಂದ ಬಂದ ಮಗುವಾದರೆ ಪಾಠ, ಪರೀಕ್ಷೆ ಯಾವ ಭಾಷೆಯಲ್ಲಿ ಎಂದೂ ಕೇಳಿ. ಮೊದಲ ಎರಡು ಸೆಮಿಸ್ಟರ್ ಇಂಗ್ಲಿಷಿನೊಂದಿಗೆ ಹೆಣಗಿ ಅಂಕ ಕುಸಿದರೆ ಶೇ 75ರ ಗೆರೆ ಕೈತಪ್ಪುತ್ತದೆ. ಬುದ್ಧಿವಂತ ಮಕ್ಕಳೇ ಇಲ್ಲಿ ಸೋತು ಕೂರುವುದನ್ನು ನೋಡಿ ನನಗೆ ಬಹಳ ನೋವಾಗಿದೆ. ಪಿಯುಸಿ ಮುಗಿದ ಬೇಸಿಗೆಯಲ್ಲೇ ಅವರ ವಿಷಯದ ಒಂದು ಇಂಗ್ಲಿಷ್ ಪಠ್ಯಪುಸ್ತಕ ಕೈಗೆ ಕೊಡಿ.

ಹಂತ 8: ಸೀಟು ಹಿಡಿಯುವಾಗ ಮತ್ತು ಆರನೇ ಸೆಮಿಸ್ಟರ್‌ನಲ್ಲಿ

ಸಹಾಯಕ ಆಯುಕ್ತರ ಕಚೇರಿಯಿಂದ 371(ಜೆ) ಅರ್ಹತಾ ಪ್ರಮಾಣಪತ್ರ ಈಗಲೇ ಮಾಡಿಸಿ. ರಾಜ್ಯದ ಪ್ರವೇಶಗಳಲ್ಲಿ ನಮ್ಮ ಭಾಗದ ಸಂಸ್ಥೆಗಳಲ್ಲಿ ಶೇ 70, ಹೊರಗಿನ ಸಂಸ್ಥೆಗಳಲ್ಲಿ ಶೇ 8 ಸೀಟು ನಮ್ಮ ಮಕ್ಕಳಿಗಿದೆ. ಸಿಯುಇಟಿ ಮೂಲಕ ಹೋಗುವಾಗ ಪೈಪೋಟಿ ಇಡೀ ದೇಶದ ಜೊತೆ, ಹಾಗಾಗಿ ಊರಿನ ಕಾಲೇಜಿನ ಸೀಟನ್ನೂ ಕೈಯಲ್ಲಿಟ್ಟುಕೊಂಡಿರಿ. ಒಂದು ಕಡೆ ಫೀ ಕಟ್ಟಿ ಇನ್ನೊಂದು ಕಡೆ ಸೀಟು ಸಿಕ್ಕರೆ ಹಣ ವಾಪಸ್ ಕೇಳುವ ಹಕ್ಕು ನಿಮಗಿದೆ. 2024-25ರಲ್ಲಿ ಯುಜಿಸಿ ಸೆಪ್ಟೆಂಬರ್ 30ರವರೆಗೆ ಪೂರ್ತಿ ಮರುಪಾವತಿ, ಅಕ್ಟೋಬರ್ 31ರವರೆಗೆ 1,000 ರೂಪಾಯಿ ಮೀರದಂತೆ ಕಡಿತ ಎಂದು ಹೇಳಿತ್ತು. ನಿಮ್ಮ ವರ್ಷದ ದಿನಾಂಕ ನೋಡಿಕೊಳ್ಳಿ, ಮೂಲ ಅಂಕಪಟ್ಟಿಯನ್ನು ಯಾರಿಗೂ ಬಿಟ್ಟುಕೊಡಬೇಡಿ.

ಮೂರು ವರ್ಷ ಕಳೆದು ಆರನೇ ಸೆಮಿಸ್ಟರ್ ಶುರುವಾದಾಗ ಅದೇ ಹಾಳೆ ತೆಗೆದು ನಾಲ್ಕು ಪ್ರಶ್ನೆ ಹಾಕಿಕೊಳ್ಳಿ. ಐದು ಸೆಮಿಸ್ಟರ್‌ಗಳ ಒಟ್ಟು ಅಂಕ ಶೇ 75 ದಾಟಿದೆಯೇ? ಒಂದು ವರ್ಷದ ಸ್ನಾತಕೋತ್ತರ ನಿಮ್ಮ ವಿಷಯದಲ್ಲಿ ಇದೆಯೇ? ಮಾರ್ಗದರ್ಶನ ಮಾಡಲು ಒಪ್ಪಿದ ಪ್ರಾಧ್ಯಾಪಕರಿದ್ದಾರೆಯೇ? ಸಾಹುಕಾರರ ಬಾಗಿಲಿಗೆ ಹೋಗದೆ ಜುಲೈ ಕಂತು ಕಟ್ಟಬಲ್ಲಿರೇ? ನಾಲ್ಕಕ್ಕೂ ಹೌದು ಎಂದರೆ ನಿಸ್ಸಂಕೋಚವಾಗಿ ಮುಂದುವರಿಸಿ. ಎರಡನೆಯದಕ್ಕೆ ಇಲ್ಲ ಎಂದಾದರೆ, ನೇರ ಪಿಎಚ್‌ಡಿ ಅಥವಾ ವಿದೇಶದ ಗುರಿ ಇದ್ದವರಿಗೆ ಮಾತ್ರ ನಾಲ್ಕನೇ ವರ್ಷ. ಮೂರನೆಯದಕ್ಕೆ ಇಲ್ಲ ಎಂದಾದರೆ ಪದವಿ ಪತ್ರ ತೆಗೆದುಕೊಂಡು ಎರಡು ವರ್ಷದ ಎಂಎಸ್ಸಿಗೆ ಒಳ್ಳೆಯ ವಿಭಾಗ ಹುಡುಕಿ, ಹೊರಡುವ ಮುಂಚೆ ಕ್ರೆಡಿಟ್‌ಗಳೆಲ್ಲ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್ (ಕ್ರೆಡಿಟ್‌ಗಳನ್ನು ಕೂಡಿಡುವ ಆನ್‌ಲೈನ್ ವ್ಯವಸ್ಥೆ) ಖಾತೆಗೆ ಸೇರಿವೆಯೇ ಎಂದು ಪರೀಕ್ಷಾ ವಿಭಾಗದಲ್ಲಿ ನೋಡಿಕೊಂಡು ಬನ್ನಿ.